ಮೂವರು ಉಳಿದ ಸಭೆ

ಅಹಮದಾಬಾದಿನ ನಮ್ಮ ಪೋಳಿನಲ್ಲಿ, ಅಂದರೆ ಹಳೆಯ ಕೇರಿಯಲ್ಲಿ, ಒಂದೇ ಹೆಬ್ಬಾಗಿಲೊಳಗೆ, ನಲವತ್ತೊಂದು ಹಳೆಯ ಮರದ ಮನೆಗಳಿವೆ. ಅವನ್ನು ಉಳಿಸಲೆಂದು ಇಪ್ಪತ್ತೆರಡು ವರ್ಷದ ಹಿಂದೆ ಏಳು ಜನರ ಮಂಡಳಿ ಕಟ್ಟಿದವರು ವಸುಮತಿಬೇನ್. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು. ಅಂದಿನಿಂದ ಅವರೇ ಅಧ್ಯಕ್ಷೆ. ಅಂಚೆ ಕಚೇರಿಯಲ್ಲಿದ್ದ ನಾನು, ಬಿಪಿನ್, ಕಾರ್ಯದರ್ಶಿ.

ನಿಯಮಾವಳಿಯನ್ನು ಅವರೇ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು. ಬೀದಿಗೆ ಕಾಣುವ ಒಂದು ಮೊಳೆ ಕದಲಿಸಬೇಕಾದರೂ ಮಂಡಳಿಯ ಒಪ್ಪಿಗೆ ಬೇಕು. ಮಳೆಗಾಲದಿಂದ ದೀಪಾವಳಿಯವರೆಗೆ ಯಾರೂ ಕಟ್ಟಡದ ಕೆಲಸ ಹಿಡಿಯುವಂತಿಲ್ಲ. ಸದಸ್ಯರ ನೆಂಟರ ಅರ್ಜಿ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ನಾನೂ ಒಮ್ಮೆ ಹಾಗೆ ಹೋದವನೇ. ನನ್ನ ಷಡ್ಡಕ ಕಿಟಕಿಗೆ ಅಲ್ಯೂಮಿನಿಯಂ ಹಾಕಿಸಲು ಹೊರಟಾಗ ಜಗಲಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದೆ. ಒಳಗೆ ಅವನ ಅರ್ಜಿ ಬಿದ್ದುಹೋಯಿತು. ಎರಡು ವರ್ಷ ಅವನು ನನ್ನ ಜತೆ ಮಾತು ಬಿಟ್ಟ.

ಹೋದ ಮೇ ತಿಂಗಳಲ್ಲಿ ಬಂದದ್ದು ವಸುಮತಿಬೇನರ ಸ್ವಂತ ತಮ್ಮ ಪ್ರಬೋಧನ ಅರ್ಜಿ. ಅವನ ಹೆಂಡತಿ ಮೃದುಲಾಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ನಮ್ಮ ಮನೆಗಳ ಮೆಟ್ಟಿಲೆಂದರೆ ಏಣಿಯೇ, ಹಗ್ಗ ಹಿಡಿದು ಹತ್ತಬೇಕು. ಆಸ್ಪತ್ರೆಯಿಂದ ಬಂದ ದಿನ ನಾಲ್ವರು ಹೊತ್ತು, ಬಚ್ಚಲು ಹತ್ತಿರವಿರುವ ಅಟ್ಟದ ಕೋಣೆಯಲ್ಲಿ ಮಲಗಿಸಿದ ಮೇಲೆ ಆಕೆ ಕೆಳಗೆ ಇಳಿದೇ ಇರಲಿಲ್ಲ. ಮುಂಬದಿಯ ಎರಡು ಕೆತ್ತನೆ ಕಂಬ ಕತ್ತರಿಸಿ, ಜಗಲಿ ಒಡೆದು, ಅಲ್ಲೊಂದು ಲಿಫ್ಟ್ ಕೂರಿಸುತ್ತೇನೆ ಎಂದು ಪ್ರಬೋಧ ಬರೆದಿದ್ದ.

ಸಭೆಯ ದಿನ ನಮ್ಮ ಮೂವರು ಸದಸ್ಯರು ಒಂದೇ ಮದುವೆಗೆಂದು ಸೂರತ್‌ಗೆ ಹೋಗಿದ್ದರು. ಉಳಿದವರು ವಸುಮತಿಬೇನ್, ನಾನು, ಬಡಗಿ ಗೋರ್ಧನ್‌ಭಾಯಿ ಮತ್ತು ಕಟ್ಟಡಗಳ ನಕ್ಷೆ ಬರೆಯುವ ಝಂಖನಾ.

ಅರ್ಜಿ ಓದಿದ ಕೂಡಲೇ ವಸುಮತಿಬೇನ್ ಎದ್ದರು. "ನಾನು ಹೊರಗಿರ್ತೀನಿ."

"ನೀವು ಹೋದ್ರೆ ಮೂವರೇ ಉಳೀತೀವಿ ಬೇನ್," ಎಂದೆ. "ಅರ್ಧದಷ್ಟಾದ್ರೂ ಸದಸ್ಯರಿಲ್ದೆ ಸಭೆ ನಡೆಯಲ್ಲ. ಏಳು ಜನಕ್ಕೆ ನಾಲ್ವರು ಬೇಕು."

"ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದ ಗೋರ್ಧನ್‌ಭಾಯಿ. "ಹೊರಗೆ ಹೋಗಿದ್ರು ಅಂತ ಬಿಪಿನ್ ಬರ್ಕೋತಾನೆ."

"ಬರ್ಕೋತೀಯೇನಪ್ಪ ಬಿಪಿನ್?" ಎಂದು ವಸುಮತಿಬೇನ್ ನನ್ನತ್ತ ತಿರುಗಿದರು.

ನಾನು ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ, ಅವರು ಹೂಂ ಅಂದಿದ್ದರೆ ಬರೆದುಕೊಂಡೇ ಬಿಡುತ್ತಿದ್ದೆ.

ಝಂಖನಾ ಬೆರಳು ಮಡಿಚಿ ಎಣಿಸಿದಳು. "ಮುಂದಿನ ಸಭೆಗೆ ಇಪ್ಪತ್ತೊಂದು ದಿನದ ನೋಟಿಸು ಕೊಡ್ಬೇಕು. ಆಮೇಲೆ ಶುರು ಮಾಡಿದ್ರೆ ಕೆಲಸ ಮುಗಿಯೋದ್ರೊಳಗೆ ಮಳೆ ಹಿಡಿಯತ್ತೆ. ಅಂದ್ರೆ ಮೃದುಲಾಬೇನ್ ದೀಪಾವಳಿ ತನಕ ಮೇಲೇನೇ."

ಬಾಗಿಲಲ್ಲಿ ನಿಂತಿದ್ದ ಪ್ರಬೋಧನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಒಂದು ಸಲ ಕೈ ಎತ್ತಿದ್ರೆ ಮುಗೀತು. ನಿನ್ನ ಕೈಗೇನೂ ಲಕ್ವ ಹೊಡೆದಿಲ್ವಲ್ಲ!"

ವಸುಮತಿಬೇನ್ ನನ್ನ ಮುಂದಿದ್ದ ಪುಸ್ತಕದಿಂದ ಒಂದು ಹಾಳೆ ಹರಿದು, ನಿಂತುಕೊಂಡೇ ಎರಡು ಸಾಲು ಬರೆದು ನನ್ನ ಕೈಗಿಟ್ಟರು. ಅದು ರಾಜೀನಾಮೆ. ಕಾರ್ಯದರ್ಶಿಯ ಕೈ ಸೇರಿದ ಕ್ಷಣದಿಂದ ಅದು ಜಾರಿ.

"ಏಳರಲ್ಲಿ ಒಂದು ಹೋದ್ರೆ?" ಎಂದು ಕೇಳಿದರು, ಪಾಠ ಒಪ್ಪಿಸಿಕೊಳ್ಳುವವರಂತೆ.

"ಆರು."

"ಆರಕ್ಕೆ ಅರ್ಧ?"

"ಮೂರು."

"ಸಭೆ ನಡೆಸಿ," ಎಂದು ಚಪ್ಪಲಿ ಮೆಟ್ಟಿ ಆ ಉರಿಬಿಸಿಲಲ್ಲೇ ಹೊರಟುಹೋದರು.

ಅವರು ಕುರ್ಚಿಯನ್ನೇ ಬಿಟ್ಟು ಹೋದ ಮೇಲೆ ಕೂತಲ್ಲೇ ಕೈ ಎತ್ತಲು ನಮ್ಮ ಮೂವರಿಗೂ ಮನಸ್ಸಾಗಲಿಲ್ಲ. ಎದ್ದು ಪ್ರಬೋಧನ ಮನೆಗೇ ಹೋದೆವು. ಹಗ್ಗ ಹಿಡಿದು ಮೇಲೆ ಹತ್ತಿದರೆ ಮೃದುಲಾ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಮಾತು ಇನ್ನೂ ತೊದಲುತ್ತಿತ್ತು.

"ಕಂಬ ಇರ್ಲಿ, ಹೋಗ್ಲಿ. ನಂಗೆ ಜನ ಕಾಣ್ಬೇಕು," ಎಂದಳು. "ಇಷ್ಟು ದಿನ ಎಲ್ರೂ ಕಂಬದ್ದೇ ಮಾತಾಡಿದ್ರಿ. ನನ್ನನ್ಯಾರೂ ಕೇಳಲಿಲ್ಲ."

ಗೋರ್ಧನ್‌ಭಾಯಿ ಸದ್ದಿಲ್ಲದೆ ಕೆಳಗಿಳಿದು ಒಳ ಅಂಗಳದ ಮೂಲೆ ಅಳೆಯತೊಡಗಿದ. ಅಲ್ಲಿ ನೆಲದಡಿ ನೀರಿನ ತೊಟ್ಟಿ ಇದೆಯೆಂದು ಪ್ರಬೋಧ ಕರೆಸಿದ್ದ ಗುತ್ತಿಗೆದಾರ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಗೋರ್ಧನ್‌ಭಾಯಿ ಸುತ್ತಿಗೆಯಿಂದ ಒಂದೊಂದೇ ಕಲ್ಲು ತಟ್ಟುತ್ತಾ ಹೋದ. "ತೊಟ್ಟಿ ಇಲ್ಲಿಗೇ ಮುಗೀತು. ಈ ಮೂಲೆ ಗಟ್ಟಿಯಾಗಿದೆ. ಲಿಫ್ಟ್ ಕೂರತ್ತೆ, ಮೇಲೊಂದು ಗೇಣು ಜಾಗಾನೂ ಮಿಗತ್ತೆ. ಜಗಲಿಯಿಂದ ಬೀದಿಗೆ ಇಳಿಸೋಕೆ ಮಡಚಿಡೋ ಹಲಗೆ ನಾನೇ ಮಾಡಿಕೊಡ್ತೀನಿ."

ಅಂಗಳದಲ್ಲೇ ನಿಂತು ಮೂವರೂ ಕೈ ಎತ್ತಿದೆವು. ಕಂಬ ಕಡಿಯುವುದು ಬೇಡ. ಒಳಗೆ ಲಿಫ್ಟ್ ಆಗಲಿ, ಮುಂದೆ ಹಲಗೆ ಆಗಲಿ.

"ಇಷ್ಟಕ್ಕೆ ಅಕ್ಕ ಕುರ್ಚಿ ಬಿಡ್ಬೇಕಿತ್ತಾ?" ಎಂದ ಪ್ರಬೋಧ.

"ಬಿಡದೇ ಇದ್ದಿದ್ರೆ ನಾವು ಅಲ್ಲೇ ಕೈ ಎತ್ತಿ ಮುಗಿಸ್ತಿದ್ವಿ, ಇಲ್ಲಿಗೆ ಬರ್ತಾನೇ ಇರ್ಲಿಲ್ಲ," ಎಂದೆ.

ಮೊದಲ ಮಳೆಗೆ ಎರಡು ದಿನ ಮುಂಚೆ ಮೃದುಲಾ ಗಾಲಿಕುರ್ಚಿಯಲ್ಲಿ ಬೀದಿಗಿಳಿದಳು. ಪೋಳಿನ ಹೆಂಗಸರೆಲ್ಲ ಸುತ್ತ ನೆರೆದು, ಒಬ್ಬಳ ಮಾತು ಇನ್ನೊಬ್ಬಳಿಗೆ ಕೇಳದಷ್ಟು ಗದ್ದಲ.

ಸೂರತ್‌ನಿಂದ ಮರಳಿದ ಮೂವರು, ಅಧ್ಯಕ್ಷೆಯನ್ನೇ ಬಿಟ್ಟುಕೊಟ್ಟಿರಿ ಎಂದು ನಮಗೆ ಚೆನ್ನಾಗಿ ಬೈದರು. ವಸುಮತಿಬೇನರನ್ನು ಮತ್ತೆ ಕರೆತರೋಣ ಎಂದರೆ, ಬಿಟ್ಟವರು ಮೂರು ವರ್ಷ ಮರಳುವಂತಿಲ್ಲ ಎಂಬುದೂ ಅವರೇ ಬರೆದ ನಿಯಮ. ತಿದ್ದೋಣವೇ ಎಂದು ಕೇಳಲು ಹೋದೆ.

"ನನಗೋಸ್ಕರ ತಿದ್ದಿದ್ರೆ ನಾಳೆ ಇನ್ಯಾರಿಗೋಸ್ಕರ ತಿದ್ತೀರಿ?" ಎಂದರು. "ಹೋದ ಸಭೆ ದಿನ ಇಸ್ತ್ರಿ ಸೀರೆ ಉಟ್ಕೊಂಡು ಬಾಗಿಲ ತನಕ ಬಂದ್ಬಿಟ್ಟಿದ್ದೆ ಕಣೋ. ಆಮೇಲೆ ನೆನಪಾಯ್ತು," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಝಂಖನಾ ಅಧ್ಯಕ್ಷೆಯಾದಳು. ಪ್ರಬೋಧ ಮಾತ್ರ ಅಕ್ಕನ ಮನೆ ಮೆಟ್ಟಿಲು ತುಳಿಯಲಿಲ್ಲ. ದೀಪಾವಳಿಯ ಮಾರನೆಯ ದಿನ, ನಮ್ಮ ಹೊಸ ವರ್ಷಕ್ಕೆ, ನಾನು ಅಲ್ಲೇ ಕೂತಿದ್ದಾಗ, ಘೂಘ್ರಾ ಎಂಬ ಕರ್ಜಿಕಾಯಿ ತುಂಬಿದ ಡಬ್ಬಿ ಹಿಡಿದು ಬಂದ.

"ಮೃದುಲಾ ಕಳಿಸಿದ್ಳು."

"ನಿಂಗೇನು ಬಾಯಿಲ್ವಾ?"

"ಇದೆ," ಎಂದು ಅಕ್ಕನ ಕಾಲು ಮುಟ್ಟಿ, ಅಲ್ಲೇ ನೆಲದ ಮೇಲೆ ಕೂತ. ವಸುಮತಿಬೇನ್ ಡಬ್ಬಿ ತೆರೆದು ಮೊದಲನೆಯದನ್ನು ಅವನ ಕೈಗೇ ಕೊಟ್ಟರು.