ಕಾರಣದ ಖಾನೆ

“ವಿಚ್ಛೇದಿತೆ ಅಂತ ಒತ್ತಿದ್ರೆ ಕೆಳಗೆ ಕಾರಣ ಕೇಳ್ಬೇಕು ತಂಗಿ. ಅದು ತುಂಬ್ದೆ ಮುಂದೆ ಹೋಗುಕೇ ಬರಬಾರ್ದು,” ಎಂದರು ಲಿಂಗಪ್ಪ ಮಾಸ್ತರರು.

ವಿನುತಾ ತಲೆಯಾಡಿಸಿ ಮೌಸ್ ಹಿಡಿದಳು. ಮಾಸ್ತರರು ನಿವೃತ್ತರಾದ ಮೇಲೆ ಸಮಾಜದ ವಧೂವರರ ಕೇಂದ್ರ ನೋಡಿಕೊಳ್ಳುತ್ತಿದ್ದರು. ಕೇಂದ್ರಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದು ಕುಮಟಾ ಪೇಟೆಯ ಇದೇ ಆಫೀಸು. ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡು ಕಂಪ್ಯೂಟರು, ಮಾಲೀಕ ವಿನೋದ, ಕೆಲಸಕ್ಕೆ ವಿನುತಾ, ಇಷ್ಟೇ. ಹೆಸರು ನೋಂದಾಯಿಸುವ ಅರ್ಜಿಯೂ ಸೈಟಿನಲ್ಲೇ ಇರಲಿ ಎಂದು ಮಾಸ್ತರರು ಬಂದು ಕೂತಿದ್ದರು. ಅದು ಕಷ್ಟದ ಕೆಲಸವಲ್ಲ. ಸೈಟಿಗೆ ಪ್ಲಗಿನ್ ಎಂಬ ಸಿದ್ಧ ತುಣುಕೊಂದನ್ನು ಸೇರಿಸಿ, ಪಕ್ಕದ ಪಟ್ಟಿಯಿಂದ ಬೇಕಾದ ಖಾನೆಗಳನ್ನು ಎಳೆದು ತಂದು ಒಂದರ ಕೆಳಗೊಂದು ಜೋಡಿಸಿದರೆ ಸಾಕು. ಹೆಸರು, ಊರು, ಗೋತ್ರ, ಓದು, ಸಂಬಳ. ವೈವಾಹಿಕ ಸ್ಥಿತಿ ಎಂಬಲ್ಲಿ ಅವಿವಾಹಿತೆ, ವಿಧವೆ, ವಿಚ್ಛೇದಿತೆ.

“ಗಂಡಸ್ರಿಗೂ ಕಾರಣ ಕೇಳೂದಾ?” ವಿನುತಾ ಕೇಳಿದಳು.

“ಅವ್ರು ಬರದ್ರೂ ಆತು, ಬಿಟ್ರೂ ಆತು.”

ಆಚೆ ಮೇಜಿನಲ್ಲಿದ್ದ ವಿನೋದ ಒಮ್ಮೆ ಕೆಮ್ಮಿ, ಮೊಬೈಲಿನತ್ತ ಮುಖ ತಗ್ಗಿಸಿದ. ಅವನಿಗೆ ಗೊತ್ತಿತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ. ವಿನುತಾ ಕಾರಣದ ಖಾನೆಯನ್ನು ಎಳೆದು ತಂದಳು, ‘ವಿಚ್ಛೇದಿತೆ’ ಆರಿಸಿದಾಗ ಮಾತ್ರ ತೋರಿಸು ಎಂದು ಷರತ್ತು ಹಾಕಿದಳು, ಕಡ್ಡಾಯ ಎಂಬಲ್ಲಿ ಒತ್ತಿದಳು. ಕೆಂಪು ನಕ್ಷತ್ರವೊಂದು ಮೂಡಿತು. ಗಂಡಸರ ಖಾನೆಯನ್ನು ನಕ್ಷತ್ರವಿಲ್ಲದೆ ಬಿಟ್ಟಳು. ಇನ್ಯಾರದೋ ಜಮೀನಿಗೆ ಬೇಲಿ ಕಟ್ಟಿದಷ್ಟೇ ಸಲೀಸಾಗಿ ಅದೆಲ್ಲ ಆಯಿತು.

“ಚಲೋ ಮಾಡ್ದೆ. ನಿಂಗೆ ಮದುವೆ ಆಯ್ದಾ?” ಕೊಡೆ ಎತ್ತಿಕೊಳ್ಳುತ್ತ ಮಾಸ್ತರರು ಕೇಳಿದರು.

“ಆಗಿತ್ತು.”

“ಚಲೋ ಆತು,” ಎನ್ನುತ್ತ ಅವರು ಮೆಟ್ಟಿಲಿಳಿದರು.

ಹೊನ್ನಾವರದ ಸಂಜಯನೊಂದಿಗೆ ಅವಳು ಬಾಳಿದ್ದು ಮೂರು ವರ್ಷ. ಅವನು ಹೊಡೆದವನಲ್ಲ, ಕುಡಿದವನಲ್ಲ. ಮೀನಿನ ಟೆಂಪೋ ಓಡಿಸಿ ಬಂದು, ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಮೊದಮೊದಲು ಅವಳೇ ಮಾತು ತೆಗೆಯುತ್ತಿದ್ದಳು. ಆಮೇಲೆ ಅವಳಿಗೂ ಮಾತು ಬತ್ತಿತು. ‘ಹೊಂದಾಣಿಕೆ ಇಲ್ಲ’ ಎಂದು ವಕೀಲರು ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ತವರೂರು ಮುಟ್ಟಳ್ಳಿಗೆ ಮರಳಿದ ದಿನ ತಾಯಿ ದುರ್ಗಿ ಗೋಳಾಡಿ ಅತ್ತಿದ್ದಳು. ವಿನುತಾ ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡು, ಊಟಕ್ಕೆ ಕೂತಿದ್ದಳು. ಅಂದಿನಿಂದ ಅವಳಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ರೈಲು ಹತ್ತುತ್ತಿದ್ದಳು, ಸಂಜೆ ರೈಲು ಇಳಿಯುತ್ತಿದ್ದಳು.

ಅರ್ಜಿ ಸೈಟಿನಲ್ಲಿ ತೆರೆದುಕೊಂಡ ವಾರದಲ್ಲೇ ಹೆಸರುಗಳು ಬರತೊಡಗಿದವು. ಬಂದವೆಲ್ಲ ಸರಿಯಾಗಿ ಸೇರುತ್ತಿವೆಯೇ ಎಂದು ನೋಡುವುದು ಅವಳ ಕೆಲಸ. ಒಂದು ಮಧ್ಯಾಹ್ನ ಡಬ್ಬಿ ತೆರೆದಿಟ್ಟುಕೊಂಡು, ಒಂದು ಕೈಯಲ್ಲಿ ಅವಲಕ್ಕಿ ತಿನ್ನುತ್ತ, ಬಂದ ಅರ್ಜಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಅವುಗಳಲ್ಲೊಂದು ಅವಳದೇ ಆಗಿತ್ತು. ಊರು ಮುಟ್ಟಳ್ಳಿ. ಬಿ.ಕಾಂ. ತಂದೆ ದಿವಂಗತ ಈರಪ್ಪ. ಅಣ್ಣ ದೇವರಾಜನ ಫೋನ್ ನಂಬರು. ವೈವಾಹಿಕ ಸ್ಥಿತಿ: ವಿಧವೆ.

ಅವಳು ಮತ್ತೊಮ್ಮೆ ಓದಿದಳು. ಮೊನ್ನೆಯಷ್ಟೇ ರೈಲಿನ ಕಿಟಕಿಯಿಂದ ಸಂಜಯನನ್ನು ಕಂಡಿದ್ದಳು. ಹೊನ್ನಾವರ ಸ್ಟೇಷನ್ನಿನ ಹೊರಗೆ ಟೆಂಪೋದ ಗಾಜು ಒರೆಸುತ್ತಿದ್ದ. ಈಗ ಅವನು ಸತ್ತಿದ್ದಾನೆಂದು ಓದಿದರೂ ಎದೆಯಲ್ಲಿ ಏನೂ ಅಲುಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಮಾಸ್ತರ ಕೇಂದ್ರದಲ್ಲಿ ನನ್ನ ಹೆಸ್ರು ಹಾಕಿದ್ದು ಯಾರು?”

“ನಾನೇ ದೇವರಾಜನ ಕೈಲಿ ಹಾಕ್ಸಿದ್ದೆ,” ಎಂದಳು ದುರ್ಗಿ. “ನಿಂಗೆ ಹೇಳಿದ್ರೆ ನೀ ಬೇಡ ಅಂತಿದ್ದೆ.”

“ಸಂಜಯ ಸತ್ತೋಗಿದ್ದ ಅಂತ ಹಾಕಿದ್ರಲೆ.”

ಆಚೆಯಿಂದ ದುರ್ಗಿ ಕೋಳಿಗಳನ್ನು ಅಟ್ಟುವ ಸದ್ದು ಬಂತು.

“ಕಾರಣ ಬರೀದೆ ಅದು ಮುಂದೆ ಹೋಗುದೇ ಇಲ್ಲ ಮಾರಾಯ್ತಿ. ಎಂತ ಬರೀಲಿ ಅಮ್ಮಾ, ಎಂತ ಬರೀಲಿ ಅಮ್ಮಾ ಅಂತ ದೇವರಾಜ ಕೇಳ್ತಾ ಕೂತಿದ್ದ. ನಂಗೆಂತ ಗೊತ್ತು? ನೀ ಒಂದಿನಾದ್ರೂ ಹೇಳಿದ್ಯಾ? ಕಡೆಗೆ ವಿಧವೆ ಅಂತ ಒತ್ತಿ ಕಂಡ. ಅದು ಎಂತದೂ ಕೇಳ್ಲಿಲ್ಲ. ಸುಮ್ನೆ ಹೋತು.”

“ಕಾರಣ ಕೇಳುವಾಂಗೆ ಮಾಡಿದ್ದು ನಾನೇ ಅಮ್ಮಾ.”

“ನೀನಾ? ಎಂತಕೆ?”

“ಮಾಸ್ತರು ಹೇಳಿದ್ರು. ಮಾಡ್ದೆ.”

ದುರ್ಗಿ ಉಸಿರು ಬಿಟ್ಟಳು. “ಹಾಂಗಾರೆ ನೀನೇ ತೆಗಿ,” ಎಂದಳು, ಒಲೆ ಮೇಲಿನ ಪಾತ್ರೆ ಇಳಿಸು ಎಂದಂತೆ.

ವಿನುತಾ ತನ್ನ ಅರ್ಜಿಯಲ್ಲಿ ‘ವಿಧವೆ’ ಅಳಿಸಿ ‘ವಿಚ್ಛೇದಿತೆ’ ಮಾಡಿದಳು. ಕಾರಣದ ಖಾನೆ ತೆರೆದುಕೊಂಡಿತು. ಅದರೊಳಗೆ ಗೆರೆಯೊಂದು ಮಿನುಗುತ್ತಿತ್ತು. ಏನಾದರೊಂದು ತೋಚುತ್ತದೆಯೇ ಎಂದು ಅವಳು ನಿಜಕ್ಕೂ ಕಾದಳು. ಗೋಡೆ ಕಡೆ ತಿರುಗಿದ ಒಂದು ಬೆನ್ನಿನ ಹೊರತು ಮತ್ತೇನೂ ಕಣ್ಣಿಗೆ ಬರಲಿಲ್ಲ. ಆಮೇಲೆ ಅರ್ಜಿ ಜೋಡಿಸಿದ ಪುಟಕ್ಕೆ ಹೋಗಿ ಆ ಖಾನೆಯನ್ನೇ ತೆಗೆದುಹಾಕಿದಳು, ಹೆಂಗಸರದೂ, ಗಂಡಸರದೂ. ಕೊನೆಗೆ ತನ್ನ ಅರ್ಜಿಯನ್ನೂ ಅಳಿಸಿದಳು. ಅಳಿಸುವುದನ್ನು ಮೊದಲು ತಿದ್ದಿದ್ದೇಕೆಂದು ಅವಳಿಗೇ ತಿಳಿಯಲಿಲ್ಲ.

ಮರುದಿನ ಮಾಸ್ತರರ ಫೋನ್ ಬಂತು.

“ತಂಗಿ, ಕಾರಣದ್ದು ಕಾಣ್ತಿಲ್ಲಲೆ. ಕೆಟ್ಟೋಯ್ತಾ?”

ಹೌದೆನ್ನಬಹುದಿತ್ತು. ಪ್ಲಗಿನ್ ಹೊಸದಾಗಿದೆ, ಅದಕ್ಕೇ ಹಾಗೆ ಎಂದರೆ ಅವರು ನಂಬುತ್ತಿದ್ದರು. “ಕೆಡ್ಲಿಲ್ಲ ಮಾಸ್ತರೆ. ನಾನೇ ತೆಗ್ದೆ.”

“ಯಾರನ್ನ ಕೇಳಿ?”

“ಕೇಳ್ಲಿಲ್ಲ. ನಂಗೂ ಡಿವೋರ್ಸ್ ಆಗಿದೆ. ಅಲ್ಲಿ ಎಂತ ಬರೀಬೇಕು ಅಂತ ನಂಗೇ ಗೊತ್ತಿಲ್ಲ.”

“ನೀ ಹೇಳ್ಲೇ ಇಲ್ಲ,” ಎಂದರು ಮಾಸ್ತರರು. ದನಿ ಸಣ್ಣದಾಗಿತ್ತು. “ಸಮಾಜದ ಕಮಿಟಿಯವ್ರು ಸುಮ್ನಿರುದಿಲ್ಲ. ಅವ್ರೇ ಬರ್ಸಿದ್ದು ಅದು. ಹಾಕು ಅಂದ್ರೆ ಹಾಕ್ಬೇಕಾತದೆ.”

“ಬೇರೆಯವ್ರ ಹತ್ರ ಹಾಕ್ಸಿ. ನಾ ಹಾಕುದಿಲ್ಲ.”

ಅವಳ ದನಿ ಏರಲಿಲ್ಲ. ಫೋನ್ ಇಟ್ಟಾಗ ವಿನೋದ ಅವಳನ್ನೇ ನೋಡುತ್ತಿದ್ದ.

“ಈ ಕೆಲ್ಸ ಹೋತು ಅನ್ಸ್ತು,” ಎಂದ.

“ಹೋಗ್ಬಹುದು.”

ಅವನು ಗಲ್ಲ ಕೆರೆದುಕೊಂಡ. “ಆತು, ಬಿಡು. ನಾ ಮಾತಾಡ್ತೆ ಅವ್ರ ಹತ್ರ,” ಎಂದು ತನ್ನ ಕಂಪ್ಯೂಟರಿನತ್ತ ತಿರುಗಿದ.

ಸಂಜೆಯ ರೈಲಿನಲ್ಲಿ ಪಡುವಣ ಕಡೆಯ ಕಿಟಕಿ ಅವಳಿಗೆ ಸಿಕ್ಕಿತು. ಕುಮಟಾ ಬಿಟ್ಟಾಗಿನಿಂದ ಬಿಸಿಲು ನೇರ ಮೈಮೇಲೆ ಬೀಳುತ್ತಿತ್ತು. ಎದುರು ಕೂತ ಮೀನಿನ ಬುಟ್ಟಿಯ ಹೆಂಗಸು ಸೆರಗು ಎಳೆದುಕೊಂಡು ತೂಕಡಿಸುತ್ತಿದ್ದಳು. ಹೊನ್ನಾವರದಲ್ಲಿ ರೈಲು ನಿಂತು ಹೊರಟಿತು. ಶರಾವತಿಯ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾಯಿತು, ಕೆಳಗೆ ಹೊಳೆ ಅಗಲಕ್ಕೆ ಹೊಳೆಯಿತು. ಆಗ ವಿನುತಾ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಕುಮಟಾದಿಂದಲೂ ಅವಳು ಹಿಡಿದುಕೊಂಡೇ ಇದ್ದ ಕಿಟಕಿಯ ಕಬ್ಬಿಣದ ಸರಳು ಸುಡುತ್ತಿತ್ತು. ಅವಳು ಅಂಗೈ ಬಿಡಿಸಿ, ಕೆಂಪಾದ ಗೆರೆಯನ್ನು ನೋಡುತ್ತ, ಅದರ ಮೇಲೆ ಮೆಲ್ಲಗೆ ಊದತೊಡಗಿದಳು.