ಮೇಲೆ ಜಿಪುಣಿ, ಕೆಳಗೆ ಧಾರಾಳಿ

ಸೊಸೆ ವಿಮಾನ ಹಾರಿಸಲು ಕಲಿಯುತ್ತಿದ್ದ ಕ್ಲಬ್ಬಿನಲ್ಲೇ ಅತ್ತೆ ಎಂಜಿನ್ ಮೆಕ್ಯಾನಿಕ್. ಯಾವ ಜನ್ಮದ ಪಾಪವೋ! ಮನೆಯಲ್ಲಿ ಬಾಣಲೆಗೆ ಎಣ್ಣೆ ಸುರಿದರೂ ಬೈಗುಳ, ವಿಮಾನದಲ್ಲಿ ಪೆಟ್ರೋಲ್ ಸುರಿದರೂ ಬೈಗುಳ.

“ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತೆ ಕಣೇ. ನೆಲದಲ್ಲಿ ಕೊಟ್ಟಷ್ಟೇ ಪೆಟ್ರೋಲ್ ಅಲ್ಲೂ ಕೊಟ್ರೆ ಎಂಜಿನ್‌ಗೆ ಅಜೀರ್ಣ. ಈ ಕೆಂಪು ಹಿಡೀನ ಹಿಂದಕ್ಕೆಳಿ, ಪೆಟ್ರೋಲ್ ಕಮ್ಮಿಯಾಗುತ್ತೆ. ಇಳಿಯೋವಾಗ ಮತ್ತೆ ಒಳಗೆ ತಳ್ಳು. ಮೇಲೆ ಜಿಪುಣಿ, ಕೆಳಗೆ ಧಾರಾಳಿ. ತಿಳೀತಾ?”

ನೀವು ಎರಡು ಕಡೇನೂ ಜಿಪುಣೀನೇ ಎಂದು ಸೊಸೆ ಮನಸ್ಸಿನಲ್ಲೇ ಅಂದುಕೊಂಡಳು. ಬಾಯಲ್ಲಿ ಮಾತ್ರ, “ಹೂಂ ಅತ್ತೆ.”

ಇವತ್ತು ಲೈಸೆನ್ಸಿನ ಪರೀಕ್ಷೆ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯದೂ ಹೋದರೆ ಕ್ಲಬ್ಬಿನ ನಿಯಮದಂತೆ ಮತ್ತೆ ಓನಾಮದಿಂದ ಶುರು. ಪಕ್ಕದಲ್ಲಿ ಕೂತ ಪರೀಕ್ಷಕರದು ಹೂಂ ಇಲ್ಲ, ಉಹೂಂ ಇಲ್ಲ.

ಎಂಟು ಸಾವಿರ ಅಡಿ ಏರುವಷ್ಟರಲ್ಲಿ ಎಂಜಿನ್ ಗಡಗಡ ನಡುಗತೊಡಗಿತು. ಅದರ ವೇಗ ತೋರಿಸುವ ಮುಳ್ಳು ಕೆಳಗಿಳಿಯಿತು. ವೇಗ ಹೆಚ್ಚಿಸಲು ಸೊಸೆ ಥ್ರಾಟಲ್ ತಳ್ಳಿದಳು, ನಡುಕ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಮುಗೀತು ಕಥೆ!

ಆಗ ಕಣ್ಣಿಗೆ ಬಿತ್ತು ಕೆಂಪು ಹಿಡಿ. ನೆಲದಲ್ಲಿದ್ದ ಹಾಗೇ ಪೂರ್ತಿ ಒಳಗಿತ್ತು. ಎಡಗೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು, ಬಲಗೈಯಲ್ಲಿ ಅದನ್ನು ಮೆಲ್ಲಗೆ ಎಳೆದಳು. ಮುಳ್ಳು ಮೇಲೇರಿತು. ಇನ್ನಷ್ಟು ಎಳೆದಾಗ ತುಸು ಇಳಿಯಿತು. ಕೂದಲೆಳೆಯಷ್ಟು ಒಳಗೆ ತಳ್ಳಿದಳು. ನಡುಕ ನಿಂತೇಹೋಯಿತು.

“ಅಬ್ಬಾ! ನಮ್ಮ ಜಿಪುಣಿ ಅತ್ತೆ ಹೇಳಿದ್ದೇ ಸರಿ!” ಎಂದು ಕೂಗಿಬಿಟ್ಟಳು.

ಪರೀಕ್ಷಕರು ಅವಳ ಎಡಗೈಯತ್ತ ಬೆರಳು ತೋರಿಸಿದರು. ಹೆಬ್ಬೆರಳು ಸ್ಟಿಯರಿಂಗ್ ಮೇಲಿನ ರೇಡಿಯೋ ಬಟನ್ನನ್ನು ಒತ್ತಿಕೊಂಡೇ ಇತ್ತು. ಮಾತು ಇಡೀ ವಿಮಾನ ನಿಲ್ದಾಣಕ್ಕೆ ಕೇಳಿಸಿತ್ತು, ಅತ್ತೆಯ ಶೆಡ್ಡಿನ ರೇಡಿಯೋಗೂ.

ಇಳಿಯುವಾಗ ಮರೆಯದೆ ಹಿಡಿಯನ್ನು ಒಳಗೆ ತಳ್ಳಿದಳು. ಚಕ್ರ ನೆಲ ಮುಟ್ಟಿ ವಿಮಾನ ನಿಂತ ಮೇಲೆ ಪರೀಕ್ಷಕರು ಬಾಯಿಬಿಟ್ಟರು: “ಪಾಸಮ್ಮಾ. ಕೆಳಗೆ ಇನ್ನೊಂದು ಪರೀಕ್ಷೆ ಕಾದಿದೆ, ಅದಕ್ಕೆ ನಾನು ಜವಾಬ್ದಾರನಲ್ಲ.”

ಅತ್ತೆ ಶೆಡ್ಡಿನ ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದರು.

“ಅತ್ತೆ, ಜಿಪುಣಿ ಅಂದಿದ್ದು…” ಸೊಸೆ ತೊದಲಿದಳು.

“ಅದು ಬಿಡು, ಬೆನ್ನ ಹಿಂದೆ ದಿನಾ ಅಂತೀಯ, ಗೊತ್ತು. ಆಮೇಲಿನ ಮಾತು ಮಾತ್ರ ನೀನು ನಮ್ಮ ಮನೆಗೆ ಬಂದಾಗಿನಿಂದ ಇದೇ ಮೊದಲು. ರೇಡಿಯೋದಲ್ಲಿ ಬರೀ ಗರಗರ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.”

“ನೀವು ಹೇಳಿದ್ದೇ ಸರಿ, ಅತ್ತೆ.”

ಅತ್ತೆ ಕಣ್ಣೊರೆಸಿಕೊಂಡರು. ಕೆನ್ನೆಗೆಲ್ಲ ಗ್ರೀಸ್ ಆಯಿತು.