ಮಗಳ ಮೇಲ್ತುಟಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಪಾರ್ಲರಮ್ಮ ಎಂದೇ ಕರೆಯುತ್ತಿದ್ದರು. ಹೆಂಗಸು ಕೆಲಸದಲ್ಲಿ ಗಟ್ಟಿ, ಬಾಯಲ್ಲಿ ಇನ್ನೂ ಗಟ್ಟಿ. ವ್ಯಾಕ್ಸಿಂಗಿಗೆ ಯಾರೇ ಬಂದು ಕುರ್ಚಿಯಲ್ಲಿ ಕೂತರೂ ಮೊದಲು ವಿಚಾರಣೆ ನಡೆಯಬೇಕು. ಮುಖಕ್ಕೆ ಏನು ಹಚ್ಚುತ್ತಿದ್ದೀಯ? ಮೊಡವೆಗೆ ಮಾತ್ರೆ ನುಂಗುತ್ತಿದ್ದೀಯಾ? ಯಾರಾದರೂ ತಡವರಿಸಿದರೋ, ಮುಗಿಯಿತು.

"ನನ್ ಹತ್ರ ಮುಚ್ಚಿಡ್ಬೇಡ ಕಣೇ. ಆ ಮಾತ್ರೆ ತಗೊಂಡ್ರೆ ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿರುತ್ತೆ, ಮೇಣದ ಜೊತೆ ಕಿತ್ಕೊಂಡೇ ಬರುತ್ತೆ. ಎದ್ದೇಳು, ಮಾತ್ರೆ ನಿಲ್ಸಿ ಆರು ತಿಂಗಳಾದ್ಮೇಲೆ ಬಾ" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಕೆಲಸ ಮುಗಿಸಿಕೊಂಡು ಹೊರಟವರಿಗೂ ಬಾಗಿಲ ತನಕ ಉಪದೇಶ. ಬಿಸಿನೀರು ಹಾಕ್ಬೇಡ, ಕೈ ಹಾಕಿ ಕೆರೀಬೇಡ, ಇವತ್ತೊಂದಿನ ಒಲೆ ಮುಂದೆ ನಿಲ್ಬೇಡ. "ಗಂಡ ಒಂದು ಹೊತ್ತು ಅಡುಗೆ ಮಾಡಿದ್ರೆ ಸತ್ತೋಗಲ್ಲ, ಹೇಳು ಅವನಿಗೆ." ಹೆಂಗಸರು ನಗುತ್ತಾ ಇಳಿದು ಹೋಗುತ್ತಿದ್ದರು. ಅವಳ ಕೈಯಲ್ಲಿ ಒಂದು ಚರ್ಮ ಕೆಟ್ಟಿತು ಅಂತ ಯಾರೂ ಹೇಳಿದ್ದಿಲ್ಲ, ಆ ಹೆಸರೇ ಅವಳ ಆಸ್ತಿ.

ಅಂಥವಳ ಒಬ್ಬಳೇ ಮಗಳಿಗೆ ಮುಖ ತುಂಬ ಮೊಡವೆ. ದೇವರಿಗೂ ಇಂಥ ಚೇಷ್ಟೆ ಬೇಕಿತ್ತೇ! ತಾಯಿ ಮುಲ್ತಾನಿ ಮಣ್ಣು ಬಳಿದಳು, ಹಬೆ ಹಿಡಿಸಿದಳು, ಫೇಶಿಯಲ್ ಮೇಲೆ ಫೇಶಿಯಲ್ ಮಾಡಿದಳು. ಮೊಡವೆ ಒಂದು ಹೋದರೆ ಎರಡು ಎದ್ದವು. ಚರ್ಮದ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಹುಡುಗಿ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಮನೆಯಲ್ಲಿ ರಂಪವೋ ರಂಪ.

"ಪಾರ್ಲರಮ್ಮನ ಮಗಳ ಮುಖಕ್ಕೇ ಗತಿ ಇಲ್ಲ ಅಂತ ಜನ ಆಡ್ಕೊಳ್ಳಲಿ ಅಂತಾನಾ? ನನ್ ಅಂಗಡಿಗೆ ಬೀಗ ಹಾಕ್ಸೋಕೇ ಹುಟ್ಟಿದ್ದೀಯ ನೀನು!"

ಹುಡುಗಿ ಮತ್ತೆ ಆ ಮಾತು ಎತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ? ಚಿಕ್ಕಮ್ಮನ ಕೈ ಹಿಡಿದು ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿಬಂದಳು, ಮಾತ್ರೆ ಶುರು ಮಾಡಿದಳು. ಮೆಲ್ಲಗೆ ಮೊಡವೆ ಬಾಡಿದವು, ಮುಖ ತಿಳಿಯಾಯಿತು. ಪಾರ್ಲರಮ್ಮನ ಹಿಗ್ಗು ನೋಡಬೇಕಿತ್ತು. ಬಂದಬಂದವರ ಮುಂದೆ ಮಗಳ ಗಲ್ಲ ಹಿಡಿದು ತಿರುಗಿಸಿ, "ನೋಡಿ, ಎಲ್ಲಾ ನನ್ ಕೈಗುಣ" ಎನ್ನುತ್ತಿದ್ದಳು. ಹುಡುಗಿ ನೆಲ ನೋಡುತ್ತಾ ನಿಂತಿರುತ್ತಿದ್ದಳು.

ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೂರುವ ಕೆಲಸಕ್ಕೆ ಅವಳಿಗೆ ಇಂಟರ್‌ವ್ಯೂ ಬಂತು. ಎರಡು ವರ್ಷ ಅಲೆದ ಮೇಲೆ ಸಿಕ್ಕ ಕರೆ. ಹಿಂದಿನ ದಿನ ಮಧ್ಯಾಹ್ನ ತಾಯಿ ಅಂಗಡಿಯ ಪರದೆ ಎಳೆದು ಮಗಳನ್ನು ಕುರ್ಚಿಯಲ್ಲಿ ಕೂರಿಸಿದಳು. ದಾರ ಹಲ್ಲಲ್ಲಿ ಕಚ್ಚಿ ಹುಬ್ಬು ತಿದ್ದಿದಳು. ಆಮೇಲೆ ಮೇಣದ ಡಬ್ಬಿ ಬಿಸಿಗಿಟ್ಟಳು.

"ಮೇಲ್ತುಟಿ ಕೂದಲೊಂದು ತೆಗೆದ್ಬಿಟ್ರೆ ಮುಗೀತು. ನಾಳೆ ಆ ಮ್ಯಾನೇಜರ್ ಬಾಯಿ ಬಿಟ್ಕೊಂಡು ನೋಡ್ಬೇಕು."

ವಿಚಾರಣೆ ನಡೆಯಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಕೇಳುವುದೇನು? ತನ್ನ ಮನೆಯೊಳಗೆ ತನಗೆ ಗೊತ್ತಿಲ್ಲದ್ದು ಏನಿದೆ? ಮೇಣ ತುಟಿಯ ಮೇಲೆ ಸವರಿದಾಗ ಹುಡುಗಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು.

"ಅಮ್ಮಾ..."

"ಶ್! ತುಟಿ ಅಲ್ಲಾಡಿಸ್ಬೇಡ." ಬಟ್ಟೆಯ ಪಟ್ಟಿ ಒತ್ತಿದಳು, ಸರ್ರನೆ ಎಳೆದಳು.

ಹುಡುಗಿ ಕಿರುಚಿದಳು. ಪಟ್ಟಿಯಲ್ಲಿ ಕೂದಲಿನ ಜೊತೆ ತೆಳ್ಳಗೆ, ಒದ್ದೆಯಾಗಿ ಇನ್ನೇನೋ ಅಂಟಿಕೊಂಡಿತ್ತು. ಪಾರ್ಲರಮ್ಮನಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ಮೂಗಿನ ಕೆಳಗಿಂದ ತುಟಿಯಂಚಿನ ತನಕ ಹಸಿ ಕೆಂಪು, ಅದರ ಮೇಲೆ ಸಣ್ಣಗೆ ಜಿನುಗುವ ರಕ್ತ.

"ಮಾತ್ರೆ ತಗೊಳ್ತಿದ್ದೀಯಾ? ನಿಜ ಹೇಳು! ಬಾಯಿ ಬಿದ್ದೋಗಿತ್ತಾ ನಿನಗೆ? ಒಂದು ಮಾತು ಹೇಳೋಕಾಗ್ಲಿಲ್ವಾ?"

ಹುಡುಗಿ ಕಣ್ಣೀರು ಗಾಯಕ್ಕೆ ಇಳಿಯದಂತೆ ತಲೆ ಹಿಂದಕ್ಕೆ ಹಾಕಿ ತೊದಲಿದಳು. "ಬೈತೀಯ ಅಂತ ಹೇಳ್ಲಿಲ್ಲ. ಬಂದೋರನ್ನೆಲ್ಲ ಕೇಳ್ತೀಯಲ್ಲಮ್ಮ, ನನ್ನನ್ನೂ ಕೇಳ್ತೀಯ ಅಂದ್ಕೊಂಡೆ. ಕೇಳಿದ್ರೆ ಹೇಳ್ಬಿಡೋಣ ಅಂತಾನೇ ಬಂದು ಕೂತೆ."

ತಾಯಿ ತಣ್ಣೀರಲ್ಲಿ ಅದ್ದಿದ ಬಟ್ಟೆ ಗಾಯಕ್ಕೆ ಒತ್ತಿ, ಮಾತ್ರೆ ಕೊಟ್ಟ ಡಾಕ್ಟರ ಹತ್ತಿರ ಮಗಳನ್ನು ಕರೆದುಕೊಂಡು ಓಡಿದಳು.

ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಮಾತ್ರ. ಹೊರಗಿನ ಬೆಂಚಿನಲ್ಲಿ ಅದೇ ಬೀದಿಯ ಇಬ್ಬರು ಹೆಂಗಸರು, ಇಬ್ಬರೂ ಪಾರ್ಲರಮ್ಮನ ಖಾಯಂ ಗಿರಾಕಿಗಳು, ಕಿವಿ ನಿಮಿರಿಸಿ ಕೂತಿದ್ದರು. ಡಾಕ್ಟರಮ್ಮ ದೀಪ ಹಿಡಿದು ಗಾಯ ನೋಡಿದವರೇ ಸಿಡಿದರು.

"ವ್ಯಾಕ್ಸ್ ಮಾಡಿಸ್ಬೇಡ ಅಂತ ಬಡ್ಕೊಂಡಿದ್ದೆ! ಯಾವಳು ಮಾಡಿದ್ದು ಇದನ್ನ? ಮಾತ್ರೆ ತಗೊಳ್ತಿದ್ದೀಯಾ ಅಂತ ಕೇಳ್ಲಿಲ್ವಾ ಅವಳು? ಇಂಥೋರ ಅಂಗಡಿ ಮುಚ್ಚಿಸ್ಬೇಕು."

ಪರದೆಯಾಚೆ ಪಿಸುಮಾತು ನಿಂತುಹೋಯಿತು. ನಾನೇ ಮಾಡಿದ್ದು ಅಂತ ಪಾರ್ಲರಮ್ಮ ಅನ್ನಬೇಕಿತ್ತು. ಹೇಳಲೇಬೇಕು ಅಂತ ಉಸಿರನ್ನೂ ಎಳೆದುಕೊಂಡಳು. ಅಷ್ಟರಲ್ಲಿ ಮಗಳು ಪರದೆಯ ಕಡೆಗೊಮ್ಮೆ, ತಾಯಿಯ ಕಡೆಗೊಮ್ಮೆ ನೋಡಿದಳು.

"ಅಮ್ಮನ ಪಾರ್ಲರಿನ ಮೇಣ ತಗೊಂಡು ನಾನೇ ಮಾಡ್ಕೊಂಡೆ ಡಾಕ್ಟ್ರೇ. ಅಮ್ಮ ಮನೇಲಿರ್ಲಿಲ್ಲ."

"ತಾಯಿ ಇದೇ ಕೆಲಸ ಮಾಡ್ತಾರೆ, ಅವರನ್ನ ಒಂದು ಮಾತು ಕೇಳೋಕೆ ಏನಾಗಿತ್ತು? ಏನ್ರೀ, ನಿಮ್ ಮಗಳಿಗೆ ಬುದ್ಧಿ ಹೇಳಲ್ವಾ ನೀವು?"

ಆಗ ಪಾರ್ಲರಮ್ಮನ ಬಾಯಿಂದ ಮಾತು ಬಂತು. ಗಿರಾಕಿಗಳ ಜೊತೆ ಇಷ್ಟು ವರ್ಷ ಆಡಿ ಆಡಿ ನಾಲಿಗೆಗೆ ರೂಢಿಯಾದ ಮಾತು, ತಾನಾಗಿಯೇ ಬಂತು. "ಎಲ್ಲಿ ಕೇಳ್ತಾರೆ ಡಾಕ್ಟ್ರೇ ಈಗಿನ ಮಕ್ಕಳು? ಹೇಳಿ ಹೇಳಿ ಸಾಕಾಗಿದೆ ನನಗೆ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮಗಳು ತಾಯಿಯ ಮುಖವನ್ನೇ ನೋಡಿದಳು. ಬೈದಿದ್ದರೆ, ಅತ್ತಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳು. ಹುಡುಗಿ ಬರೀ ನೋಡಿದಳು, ಆಮೇಲೆ ಡಾಕ್ಟರ ಕಡೆ ತಿರುಗಿ, ಕಲೆ ಉಳಿಯುತ್ತಾ ಅಂತ ಕೇಳಿದಳು. ಉಳಿಯಬಹುದು ಎಂದರು. ನಾಳೆಯ ಇಂಟರ್‌ವ್ಯೂಗೆ ಪೌಡರ್ ಹಾಕಿ ಮುಚ್ಚಬಹುದಾ ಅಂತ ಕೇಳಿದಳು. ಅದರ ಮೇಲೆ ಏನನ್ನೂ ಮುಟ್ಟಿಸಕೂಡದು ಎಂದರು.

ಮೆಟ್ಟಿಲಿಳಿಯುವಾಗ ತಾಯಿ ಅವಳ ತೋಳು ಹಿಡಿಯಹೋದಳು. "ಪುಟ್ಟಿ, ಅಲ್ಲಿ ಹೊರಗಡೆ ಅವರಿಬ್ರು ಕೂತಿದ್ರು ಕಣೇ, ಅದಕ್ಕೇ..."

"ಬಿಡಮ್ಮ. ಅಂಗಡಿ ಹೆಸರು ಉಳೀತಲ್ಲ." ಹುಡುಗಿ ತೋಳು ಬಿಡಿಸಿಕೊಂಡಳು. "ನಾನು ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಬಟ್ಟೆ ಅವಳೇ ಬಂದು ತಗೊಂಡೋಗ್ತಾಳೆ. ನೀನು ಬರೋದು ಬೇಡ."

ಬಸ್ಸು ಬಂತು, ಹುಡುಗಿ ಹತ್ತಿದಳು. ಕಿಟಕಿಯ ಪಕ್ಕ ಕೂತರೂ ಮುಖ ಈ ಕಡೆ ತಿರುಗಿಸಲಿಲ್ಲ. ಬಸ್ಸು ಮರೆಯಾದ ಮೇಲೂ ಪಾರ್ಲರಮ್ಮ ರಸ್ತೆಯಂಚಿನಲ್ಲೇ ನಿಂತಿದ್ದಳು. ಹಿಂದಿನಿಂದ ಬೆಂಚಿನ ಹೆಂಗಸರಿಬ್ಬರೂ ಇಳಿದು ಬಂದರು.

"ಅಯ್ಯೋ ಪಾಪ, ನೀವಾದ್ರೂ ಏನ್ ಮಾಡ್ತೀರಿ ಬಿಡಿ. ಮಕ್ಕಳೇ ಹಂಗೆ" ಎಂದು ಒಬ್ಬಳು ಅವಳ ಬೆನ್ನು ಸವರಿದಳು. "ನಾಳೆ ಅಂಗಡಿ ತೆಗೆದಿರುತ್ತಾ? ಹುಬ್ಬು ಮಾಡ್ಸ್ಕೋಬೇಕಿತ್ತು."

"ತೆಗೆದಿರುತ್ತೆ" ಎಂದಳು ಪಾರ್ಲರಮ್ಮ. "ಬೆಳಿಗ್ಗೆನೇ ಬನ್ನಿ."